ಚೌಕ ಗಾಲಿಯ ರೈಲು

ಹೋದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಒಂದು ಹಳೇ ಟ್ರಂಕು ಕೆಳಗಿಳಿಸಿದೆವು. ಮುಚ್ಚಳ ತೆಗೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ. ಮೇಲೆ ಎರಡು ಇಳಕಲ್ ಸೀರೆ, ಅದರ ಕೆಳಗೆ ಅಜ್ಜನ ರುಮಾಲು, ತಳದಲ್ಲಿ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಕುಂಚಿಗೆ. ಕೂಸಿನ ತಲೆಗೆ ಹಾಕಿ ಗದ್ದಕ್ಕೆ ಕಟ್ಟುತ್ತಾರಲ್ಲ, ಹಿಂದೆ ಬೆನ್ನಿನ ತನಕ ಇಳಿಬಿದ್ದಿರುತ್ತದೆ, ಅದು. ನನ್ನನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ದೊಡ್ಡವ್ವ ಕೈಯಾರೆ ಮಾಡಿದ್ದು. ಅವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಒಂದ್ ಎಳಿನೂ ಬಿಟ್ಟಿಲ್ಲ ನೋಡು" ಅಂದಳು.

ಕಪ್ಪು ಅರಿವೆ. ಅದರ ಮೇಲೆ ಕೆಂಪು, ಹಳದಿ, ಹಸಿರು ದಾರದ ಕಸೂತಿ. ಅಂಚಿಗೆ ಗೋಪುರ, ತುಳಸಿಕಟ್ಟೆ, ಆನೆ, ನವಿಲು, ತೇರು. ನಮ್ಮ ಕಡೆ ಯಾವ ಮನೆಯ ಕಸೂತಿ ನೋಡಿದರೂ ಇವು ಇದ್ದೇ ಇರುತ್ತವೆ. ಆದರೆ ಬೆನ್ನಿನ ಭಾಗದಲ್ಲಿ, ಎರಡು ಆನೆಗಳ ನಡುವೆ, ಒಂದು ರೈಲು. ಒಂದು ಎಂಜಿನ್ನು, ಒಂದು ಡಬ್ಬಿ, ಒಂದಿಷ್ಟು ಹೊಗೆ. ಎಂಜಿನ್ನಿಗೆ ಎರಡು ಗಾಲಿ, ಡಬ್ಬಿಗೆ ಎರಡು. ಗಾಲಿಗಳಿಗೆ ಮೂಲೆ ಇವೆ.

ಈ ರೈಲಿನ ಪರಿಚಯ ನನಗೆ ಮೊದಲೇ ಇತ್ತು. ಏಳೆಂಟು ವರ್ಷದವನಿದ್ದಾಗ ಇದನ್ನು ಹಿಡಿದುಕೊಂಡು ದೊಡ್ಡವ್ವನ ಹತ್ತಿರ ಹೋಗಿ ಕೇಳಿದ್ದೆ.

"ಗಾಲಿ ದುಂಡಗ ಇರ್ತಾವಲ್ಲ ದೊಡ್ಡವ್ವಾ, ಚೌಕ ಯಾಕ ಮಾಡೀ?"

"ಅರಿವ್ಯಾಗ ದುಂಡಗ ಬರೂದಿಲ್ಲಪಾ. ಎಳಿ ಎಣಿಸಿ ಹಾಕಬೇಕಾಗ್ತದ."

"ಮತ್ತ ಇದು ಓಡೂದು ಹೆಂಗ?"

"ಓಡದಿದ್ರ ಚಲೋನ ಆತು. ಕೂಸು ಹೆದರೂದಿಲ್ಲ."

ಕಸೂತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಇದರಲ್ಲಿ ಮೊದಲು ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಅರಿವೆಯ ಉದ್ದ ಎಳೆ, ಅಡ್ಡ ಎಳೆ ಎಣಿಸುತ್ತಾ ಸೂಜಿ ಹಾಕುತ್ತಾ ಹೋಗಬೇಕು. ನೇರ ಹೋಗಬಹುದು, ಅಡ್ಡ ಹೋಗಬಹುದು, ಓರೆ ಹೋಗಬಹುದು. ಬಳುಕುವುದಕ್ಕೆ ದಾರಿ ಇಲ್ಲ. ಗಾವಂತಿ, ಮುರಗಿ, ನೇಗಿ, ಮೆಂಥಿ ಅಂತ ನಾಲ್ಕು ಥರದ ಹೊಲಿಗೆ. ಗಾವಂತಿಯಲ್ಲಿ ಒಂದು ಎಳೆ ಬಿಟ್ಟು ಬಿಟ್ಟು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟಿದ್ದನ್ನು ತುಂಬಬೇಕು. ಗಂಟು ಹಾಕುವ ಹಾಗಿಲ್ಲ. ಸರಿಯಾಗಿ ಮಾಡಿದರೆ ಮೇಲುಗಡೆ ಯಾವುದು, ಒಳಗಡೆ ಯಾವುದು ಹೇಳಲು ಬರುವುದಿಲ್ಲ. ಎಲ್ಲೋ ಒಂದು ಎಳೆ ತಪ್ಪಿದರೆ ಹೊರಟ ಜಾಗಕ್ಕೆ ದಾರ ವಾಪಸ್ ಬಂದು ಸೇರುವುದೇ ಇಲ್ಲ. ಬಿಚ್ಚಬೇಕು.

ದೊಡ್ಡವ್ವನ ತವರು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ. ಹುಬ್ಬಳ್ಳಿ–ಗದಗ ರೈಲು ಹಾದುಹೋಗುವ ದಾರಿ ಅದು. ಹತ್ತಿ ಬಿಡಿಸಲು ಹೊಲಕ್ಕೆ ಹೋದಾಗ ದೂರದಿಂದ ಉಗಿಬಂಡಿ ನೋಡುತ್ತಿದ್ದಳಂತೆ. ಮೊದಲು ಹೊಗೆ, ಆಮೇಲೆ ಸದ್ದು, ಕೊನೆಗೆ ಬಂಡಿ. ಅದರ ಒಳಗೆ ಕೂತಿದ್ದು ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗಲೇ. ಈಗ ಆ ಕುಂಚಿಗೆ ಹಿಡಿದು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಅವಳ ಎಂಜಿನ್ನು ತೇರಿನ ಥರ ಇದೆ. ಕೆಳಗೆ ಅಗಲ, ಮೇಲೆ ಹೋದ ಹಾಗೆ ಸಣ್ಣ. ಚಿಮಣಿ ಇರುವಲ್ಲಿ ಹೆಚ್ಚುಕಡಿಮೆ ಕಳಸವೇ ಕೂತಿದೆ. ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ ಅಗಲವಾಗಿದೆ, ಗೋಪುರ ತಲೆಕೆಳಗೆ ಮಾಡಿದಂತೆ. ಅವಳ ಬೆರಳಿಗೆ ತೇರು ಗೊತ್ತಿತ್ತು, ಗೋಪುರ ಗೊತ್ತಿತ್ತು. ರೈಲು ಬಂದಾಗ ಅದನ್ನು ಅಲ್ಲೇ ಹತ್ತಿಸಿಕೊಂಡಳು.

ಇಷ್ಟೆಲ್ಲ ಯಾಕೆ ತಲೆಯಲ್ಲಿ ಕೂತಿತು ಅಂದರೆ, ನನ್ನ ಕಸುಬೂ ಚಿತ್ರದ್ದೇ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಸಣ್ಣ ಅಂಗಡಿ, ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಮದುವೆ, ಜಾತ್ರೆ, ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ. ಬರುವ ಗಿರಾಕಿ ಮೊದಲು ಹೇಳುವ ಮಾತು, "ಏನರ ಹೊಸಾದು ಮಾಡ್ರಿ, ಯಾರೂ ಮಾಡಿರಬಾರ್ದು." ಎರಡು ನಿಮಿಷ ಬಿಟ್ಟು ಮೊಬೈಲ್ ತೆಗೆದು ಯಾವುದೋ ಫೋಟೋ ತೋರಿಸಿ, "ಸೇಮ್ ಹಿಂಗ ಇರಬೇಕ್ರಿ." ಮೊದಮೊದಲು ನಗು ಬರುತ್ತಿತ್ತು. ಈಗ ಅನಿಸುತ್ತದೆ, ಅವರು ಎರಡೂ ಮಾತು ನಿಜವಾಗಿಯೇ ಹೇಳುತ್ತಿದ್ದಾರೆ. ಹೊಸದು ಬೇಕು, ಆದರೆ ಎಲ್ಲೋ ನೋಡಿದ್ದಿರಬೇಕು. ನಮಗೆಲ್ಲ ಬೇಕಾಗಿದ್ದೂ ಅದೇ ಅಲ್ವಾ?

ಕಂಪ್ಯೂಟರಿಗೆ ಬರುವ ಮುಂಚೆ ನಾನು ಬ್ರಶ್ ಹಿಡಿದವನು. ಹಳೇ ಹುಬ್ಬಳ್ಳಿಯ ಒಬ್ಬ ಉಸ್ತಾದರ ಹತ್ತಿರ ಆರು ವರ್ಷ ಬೋರ್ಡು ಬರೆಯುವುದು ಕಲಿತೆ. ಅವರು ಸಿನಿಮಾ ಬ್ಯಾನರೂ ಬರೆಯುತ್ತಿದ್ದರು. ಅಂಗೈ ಅಗಲದ ಫೋಟೋ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿ, ದೊಡ್ಡ ಬಟ್ಟೆಯ ಮೇಲೆ ಬಣ್ಣದ ಪುಡಿ ಹಚ್ಚಿದ ದಾರ ಎಳೆದು ಅಷ್ಟೇ ಚೌಕ ಮಾಡಿ, ಒಂದೊಂದು ಚೌಕದೊಳಗಿನದನ್ನು ಅಲ್ಲಲ್ಲಿಗೆ ಇಳಿಸುವುದು. ಮೂಗು ಬರೆಯುತ್ತಿದ್ದೇನೆ ಅಂತ ಅಂದುಕೊಳ್ಳಬಾರದು, ಈ ಚೌಕದಲ್ಲಿ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಷ್ಟೇ ನೋಡಬೇಕು ಅನ್ನುತ್ತಿದ್ದರು. ನಾನು ತಪ್ಪಿದರೆ ಬೈಗುಳ ಒಂದೇ: "ನಕಲ್ ಮಾಡಾಕೂ ಅಕಲ್ ಬೇಕೋ."

ಇಷ್ಟು ಅಚ್ಚುಕಟ್ಟಾಗಿ ನಕಲು ಮಾಡುವ ಉಸ್ತಾದರ ಎಲ್ಲ ಹೀರೋಗಳ ಕಣ್ಣೂ ಒಂದೇ ಥರ ಇರುತ್ತಿದ್ದವು. ತುಸು ಅಗಲ, ರೆಪ್ಪೆಯ ಕೆಳಗೆ ತೆಳ್ಳಗೆ ಒಂದು ನೀಲಿ ಗೆರೆ. ಟಾಕೀಸಿನ ಮುಂದೆ ನಿಂತು, "ಇದು ಅವರದೇ ಕೈ" ಅಂತ ಜನ ಗುರುತಿಸುತ್ತಿದ್ದರು. ಒಮ್ಮೆ ಆ ನೀಲಿ ಗೆರೆ ಬಗ್ಗೆ ಕೇಳಿದೆ. ಸಣ್ಣವರಿದ್ದಾಗ ಕಿರಾಣಿ ಅಂಗಡಿಯಲ್ಲಿ ತೂಗುಹಾಕಿದ್ದ ಶಿವಕಾಶಿ ಕ್ಯಾಲೆಂಡರಿನ ದೇವರ ಕಣ್ಣಲ್ಲಿ ನೋಡಿದ್ದರಂತೆ. ಅವರ ಸ್ವಂತದ್ದು ಅಂತ ಊರೆಲ್ಲ ನಂಬಿದ್ದ ಗೆರೆಯೂ ಹೊರಗಿನಿಂದ ಬಂದದ್ದೇ.

ಹಾಗಂತ ಹೊರಗಿನಿಂದ ಬಂದದ್ದೆಲ್ಲ ಒಳ್ಳೆಯದು ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಐದನೇ ಕ್ಲಾಸಿನಲ್ಲಿ ಚಿತ್ರಸ್ಪರ್ಧೆ ಇತ್ತು. ವಿಷಯ, "ನಮ್ಮ ಊರು". ನಾನು ಏನು ಬರೆದೆ ಅಂತ ನಿಮಗೆ ಗೊತ್ತೇ ಇದೆ, ನೀವೂ ಅದನ್ನೇ ಬರೆದಿರುತ್ತೀರಿ. ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ಹೆಂಚಿನ ಮನೆ, ಪಕ್ಕದಲ್ಲಿ ಬಾಗಿದ ಎರಡು ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಇದಕ್ಕೆ ನಾವು "ಸೀನರಿ" ಅನ್ನುತ್ತಿದ್ದೆವು. ಕ್ಲಾಸಿನ ನಲವತ್ತು ಜನರೂ ಅದೇ ಸೀನರಿ. ನನ್ನ ಸೂರ್ಯನಿಗೆ ಕಣ್ಣು, ಬಾಯಿ ಇದ್ದವು ಅಂತ ನನಗೆ ಸಮಾಧಾನಕರ ಬಹುಮಾನ, ಒಂದು ಕಂಪಾಸ್ ಪೆಟ್ಟಿಗೆ.

ಮನೆಗೆ ತಂದು ದೊಡ್ಡವ್ವನಿಗೆ ತೋರಿಸಿದೆ. ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಛಲೋ ಅದ. ಇದು ಯಾರ ಊರು?"

ಅಣ್ಣಿಗೇರಿ, ನವಲಗುಂದ ಕಡೆ ಹೋದವರಿಗೆ ಗೊತ್ತು. ಕಣ್ಣು ಹಾಯಿಸಿದಷ್ಟು ದೂರ ಸಪಾಟು ಎರೆಹೊಲ. ಗುಡ್ಡ ಇಲ್ಲ, ತೆಂಗು ಇಲ್ಲ. ಮನೆಗಳಿಗೆ ಮಣ್ಣಿನ ಮಾಳಿಗೆ, ಹೆಂಚು ಅಪರೂಪ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತದೆ. ರಜೆಯಲ್ಲಿ ಅಲ್ಲೇ ಆಡಿ ಬೆಳೆದವನು ನಾನು. ಆ ಬಿರುಕಿನಲ್ಲಿ ಗೋಲಿ ಕಳೆದುಕೊಂಡು ಅತ್ತಿದ್ದೇನೆ. ಆದರೆ ಚಿತ್ರ ಬರೆ ಅಂದ ಕೂಡಲೇ ಕೈ ಎರಡು ಗುಡ್ಡ ಬರೆಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಬೆಂಚಿನವನದು ನೋಡಿ ಹಿಂದಿನ ಬೆಂಚಿನವನು, ಅಣ್ಣನದು ನೋಡಿ ತಮ್ಮ. ಯಾರ ಊರಿಂದ ಬಂದ ಗುಡ್ಡವೋ ಏನೋ, ನಮ್ಮ ಹೊಲದ ಮೇಲೆ ಬಂದು ಕೂತುಬಿಟ್ಟಿತ್ತು.

ರೈಲು ಹೊರಗಿನದು. ಗುಡ್ಡವೂ ಹೊರಗಿನದು. ಒಂದು ದೊಡ್ಡವ್ವನ ಕೈಯಲ್ಲಿ ತೇರಾಯಿತು, ಇನ್ನೊಂದು ನನ್ನ ಕೈಯಲ್ಲಿ ಹಾಗೇ ಉಳಿಯಿತು. ಯಾಕೆ ಅಂತ ಬಹಳ ದಿನ ಯೋಚನೆ ಮಾಡಿದ್ದೇನೆ. ನನಗೆ ಹೊಳೆದದ್ದು ಇಷ್ಟು. ರೈಲು ಅವಳ ಅರಿವೆಗೆ ಸಲೀಸಾಗಿ ಬರಲಿಲ್ಲ. ಎಳೆಗೆ ಎಳೆ ಜಗಳ ಆಡಿಕೊಂಡು ಬಂತು. ಗುಡ್ಡ ನನ್ನ ಹಾಳೆಗೆ ಯಾವ ತಕರಾರೂ ಇಲ್ಲದೆ ಬಂತು, ಹಾಳೆಯಲ್ಲಿ ಅದನ್ನು ತಡೆಯುವಂಥದ್ದು ಏನೂ ಇರಲಿಲ್ಲ.

ಧಾರವಾಡ ಸೀಮೆಯ ಹಾಡಿನ ಕಥೆಯನ್ನೂ ನಾನು ಈಗ ಹೀಗೇ ಕೇಳಿಸಿಕೊಳ್ಳುತ್ತೇನೆ. ಕನ್ನಡ ಮಾತಾಡುವ ಈ ಊರುಗಳಿಗೆ ಉತ್ತರದ ಸಂಗೀತ ಹೇಗೆ ಬಂತು ಅಂತ ಬೇರೆ ಕಡೆಯವರು ಕೇಳುತ್ತಾರೆ. 1956ರ ತನಕ ನಾವು ಮುಂಬೈ ಆಡಳಿತದಲ್ಲಿದ್ದೆವು, ಮರಾಠಿ ನಾಟಕ ಕಂಪನಿಗಳು ಬಂದುಹೋಗುತ್ತಿದ್ದವು, ಮೈಸೂರು ಅರಮನೆಗೆ ಹೋಗುವ ಉಸ್ತಾದರು ನಮ್ಮ ಕಡೆ ಇಳಿಯುತ್ತಿದ್ದರು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಿತ್ತು. ದೊಡ್ಡವ್ವ ಹೊಲದಲ್ಲಿ ನಿಂತು ನೋಡಿದ ಹಳಿಗಳ ಮೇಲೆ ಹಾಡೂ ಓಡಾಡುತ್ತಿತ್ತು ಅನ್ನಬಹುದು.

ಕಿರಾಣಾ ಘರಾಣೆಯ, ಅಂದರೆ ಹಿಂದೂಸ್ತಾನಿ ಹಾಡಿನ ಒಂದು ಗುರುಪರಂಪರೆಯ, ಅಬ್ದುಲ್ ಕರೀಂ ಖಾನರು ಹುಟ್ಟಿದ್ದು ಈಗಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಮೈಸೂರಿಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡದಲ್ಲಿ ಉಳಿದುಕೊಳ್ಳುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಮುಂದೆ ಸವಾಯಿ ಗಂಧರ್ವರಾದರು. ಆದರೆ ಕಲಿಸಲು ಬಂದವರೂ ಬಂದ ಹಾಗೇ ವಾಪಸ್ ಹೋಗಲಿಲ್ಲ. ಖಾನರು ಕರ್ನಾಟಕ ಸಂಗೀತ ಕಿವಿಗೊಟ್ಟು ಕೇಳಿದರು, ಅವರ ಸರಗಮ್ ಹಾಡುವ ರೀತಿಯಲ್ಲಿ ಅದು ಬಂದು ಕೂತಿತು. ತ್ಯಾಗರಾಜರ ಕೃತಿಯನ್ನೂ ರಿಕಾರ್ಡಿಗೆ ಹಾಡಿದ್ದಾರೆ. ಈ ಅರ್ಧ ಕಥೆಯನ್ನು ನಾವು ಕಡಿಮೆ ಹೇಳುತ್ತೇವೆ. ಹೊರಗಿನವರು ಬಂದು ನಮ್ಮನ್ನು ಬದಲಿಸಿದರು ಅನ್ನುತ್ತೇವೆ. ನಾವೂ ಯಾರಿಗೋ ಹೊರಗಿನವರೇ ಅನ್ನುವುದು ಮರೆತುಹೋಗುತ್ತದೆ.

ಅದೇ ಖಾನರ ಒಂದು ಠುಮ್ರಿಯ ರಿಕಾರ್ಡು ಗದಗಿನ ಒಬ್ಬ ಹುಡುಗನ ಕಿವಿಗೆ ಬಿತ್ತು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಹಾಗೇ ಹಾಡಬೇಕು ಅಂತ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದ. ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಾಡು ಹೇಳಿ ಪಾರಾಗುತ್ತಾ ಗ್ವಾಲಿಯರು, ದಿಲ್ಲಿ, ಕೋಲ್ಕತ್ತಾ, ಜಲಂಧರ್ ಸುತ್ತಿದ. ಅಷ್ಟು ಸುತ್ತಿದ ಮೇಲೆ ಜಲಂಧರಿನಲ್ಲಿ ಸಿಕ್ಕ ಸಲಹೆ ಏನು? ನಿಮ್ಮ ಊರ ಹತ್ತಿರ ಸವಾಯಿ ಗಂಧರ್ವರಿದ್ದಾರೆ, ಅವರ ಹತ್ತಿರ ಹೋಗು ಅಂತ. ವಾಪಸ್ ಬಂದು ಕುಂದಗೋಳದಲ್ಲಿ ಕಲಿತ.

ನನಗೆ ಈ ಕಥೆಯಲ್ಲಿ ಓಡಿಹೋಗಿದ್ದಕ್ಕಿಂತ ರಿಕಾರ್ಡಿನ ಮೇಲೆ ಆಸೆ ಜಾಸ್ತಿ. ಆ ಕಾಲದ ರಿಕಾರ್ಡಿನ ಒಂದು ಬದಿಗೆ ಮೂರು, ಮೂರೂವರೆ ನಿಮಿಷ ಹಾಡು, ಅಷ್ಟೇ. ಕಛೇರಿಯಲ್ಲಿ ಗಂಟೆಗಟ್ಟಲೆ ಹಾಡುವವರು ರಿಕಾರ್ಡಿಗೆ ಹಾಡುವಾಗ ಮೂರು ನಿಮಿಷದಲ್ಲಿ ಮುಗಿಸಬೇಕು. ಕೇಳುತ್ತಾ ಕೂತ ಹುಡುಗನಿಗೆ ಸಿಕ್ಕಿದ್ದು ಒಂದು ಚೂರು. ಶುರುವಾಯಿತು ಅನ್ನುವಷ್ಟರಲ್ಲಿ ಮುಳ್ಳು ಕೊನೆಗೆ ಬಂದು ಗರಗರ ಅನ್ನುತ್ತದೆ. ಮುಂದೆ ಖಾನರು ಏನು ಹಾಡುತ್ತಿದ್ದರು? ಅದು ರಿಕಾರ್ಡಿನಲ್ಲಿಲ್ಲ. ಅದನ್ನು ಹುಡುಗ ತನ್ನ ಗಂಟಲಲ್ಲೇ ಹುಡುಕಬೇಕು. ಹಾಡು ಪೂರ್ತಿ ಸಿಕ್ಕಿದ್ದರೆ ಅವನು ಮನೆ ಬಿಡುತ್ತಿರಲಿಲ್ಲವೇನೋ. ಇದು ನನ್ನ ಊಹೆ, ಸುಮ್ನೆ ಹೇಳಿದೆ. ಆದರೆ ಆ ಗರಗರ ಸದ್ದಿನಲ್ಲೇ ಏನೋ ಶುರುವಾಯಿತು ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ಗಂಗೂಬಾಯಿ ಹಾನಗಲ್ಲರೂ ಅಷ್ಟೇ. ಓಣಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಹೊರಗೆ ಓಡಿಬರುತ್ತಿದ್ದ ಹುಡುಗಿ. ತಾಯಿ ಅಂಬಾಬಾಯಿ ಹಾಡುತ್ತಿದ್ದುದು ಕರ್ನಾಟಕ ಸಂಗೀತ. ಮಗಳು ಹಿಂದೂಸ್ತಾನಿ ಹಿಡಿದಳು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಈಗಲೂ ಆ ದಾರಿಯಲ್ಲಿ ಹೋದರೆ ಹೊಲ, ಹತ್ತಿ, ಮೆಣಸಿನಕಾಯಿ. ಕಿಟಕಿ ಹತ್ತಿರ ಕೂತು ಅವರು ಯಾವ ರಾಗ ಗುನುಗಿದ್ದರೋ.

ಬೇಂದ್ರೆಯವರ ಹೆಸರೆತ್ತದೆ ಧಾರವಾಡದ ಮಾತು ಮುಗಿಸಿದರೆ ನಮ್ಮ ಮಂದಿ ಬಿಡುವುದಿಲ್ಲ. ಮನೆಮಾತು ಮರಾಠಿ, ಬರೆದದ್ದು ಓಣಿಯ ಕನ್ನಡ. ಇಷ್ಟು ಸಾಕು.

ನಾಟಕದ ಕಥೆ ಇನ್ನೂ ಮಜಾ ಇದೆ. 1840ರ ದಶಕದಲ್ಲಿ ಹೊನ್ನಾವರ ಕಡೆಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಯಿತು. ಅದನ್ನು ನೋಡಿದ ಅಲ್ಲಿಯ ದೊರೆಗೆ, ನಮ್ಮ ಮರಾಠಿಯಲ್ಲೂ ಇಂಥದ್ದು ಬೇಕು ಅನಿಸಿತು. ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದ ಶುರು ಅನ್ನುತ್ತಾರೆ. ಕೆಲವು ದಶಕ ಕಳೆದ ಮೇಲೆ ಮರಾಠಿ ಕಂಪನಿಗಳು ಪರದೆ, ದೀಪ, ಹಾಡುಗಳ ಸಮೇತ ನಮ್ಮ ಕಡೆ ಬಂದವು. ಜನ ಮರುಳಾದರು. ಕನ್ನಡ ಊರಲ್ಲಿ ಮರಾಠಿ ನಾಟಕವೇ ಅಂತ ಸಿಟ್ಟಾದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ತಾವೇ ಕನ್ನಡ ನಾಟಕ ಬರೆದು ಗದಗಿನಲ್ಲಿ ಮಂಡಳಿ ಕಟ್ಟಿಸಿದರು. ಈಗ ಹೇಳಿ, ಯಾರು ಯಾರಿಂದ ತೆಗೆದುಕೊಂಡರು? ಗಟ್ಟದ ಕೆಳಗಿನ ಕುಣಿತ ಸಾಂಗ್ಲಿ ಸುತ್ತಿ ಗದಗಿಗೆ ಬರುವ ಹೊತ್ತಿಗೆ ತನ್ನ ತಾಯಿಗೇ ಗುರುತು ಸಿಗದಷ್ಟು ಬೇರೆ ಆಗಿತ್ತು. ಸಿಟ್ಟೂ ಒಂದು ಪ್ರಭಾವವೇ. ಕಲಾವಿದರು ಇದನ್ನು ಒಪ್ಪಿಕೊಳ್ಳುವುದಿಲ್ಲ.

ಇನ್ನು ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೆಸರು, ಬಾರಿಸುವವರು ಪೇಟಿ ಮಾಸ್ತರು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದ ವಾದ್ಯ. ಅಲ್ಲಿ ಅದಕ್ಕೆ ಕಾಲುಗಳಿದ್ದವು, ಕುರ್ಚಿಯಲ್ಲಿ ಕೂತು ಕಾಲಿನಿಂದ ತುಳಿದು ಗಾಳಿ ತುಂಬಬೇಕಿತ್ತು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವವರು. ಕೋಲ್ಕತ್ತಾದಲ್ಲಿ ಅದರ ಕಾಲು ತೆಗೆದು, ಹಿಂದೆ ಕೈಯಿಂದ ಒತ್ತುವ ತಿದಿ ಇಟ್ಟರು. ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಇದು ನಮ್ಮ ಸಂಗೀತಕ್ಕೆ ಸಲ್ಲದು ಅಂತ ಆಕಾಶವಾಣಿ 1940ರಿಂದ ಮೂರು ದಶಕ ಇದನ್ನು ಒಳಗೆ ಬಿಡಲಿಲ್ಲ. ತಕರಾರು ಸುಳ್ಳಲ್ಲ. ಆದರೆ ಅಷ್ಟೂ ದಿನ ನಮ್ಮ ಹಳ್ಳಿಗಳ ಭಜನಾ ಮೇಳಗಳಲ್ಲಿ ಪೇಟಿ ನಡೆಯುತ್ತಲೇ ಇತ್ತು. ಪೇಟಿಗೆ ಜಾರಲು ಬರದ ಕಡೆ ಹಾಡುವವನ ಗಂಟಲು ಜಾರುತ್ತದೆ. ಪೇಟಿ ಸುಮ್ಮನೆ ಕಾಯುತ್ತದೆ.

ನಮ್ಮ ತಾಟಿಗೆ ಬಂದರಂತೂ ಊರಿನದು ಅನ್ನುವುದೇ ಕಷ್ಟ. ರೊಟ್ಟಿಯ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಧಾರವಾಡ ಫೇಡೆಯನ್ನು ತಂದವರು ಉತ್ತರ ಪ್ರದೇಶದ ಉನ್ನಾವ ಕಡೆಯ ಠಾಕೂರ ಮನೆತನದವರು. ಬ್ಯಾಡಗಿ ಮೆಣಸಿನಕಾಯಿ, ಹಾವೇರಿಯವರ ಹೆಮ್ಮೆ, 2011ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಅದರ ಮೂಲವೂ ಅಮೆರಿಕ ಖಂಡವೇ, ಪೋರ್ಚುಗೀಸರ ಹಡಗಿನಲ್ಲಿ ಬಂತು. ಆ ಹೆಸರೊಮ್ಮೆ ನೋಡಿ. ಮೆಣಸು ನಮಗೆ ಮೊದಲೇ ಗೊತ್ತಿತ್ತು, ಕಪ್ಪು ಕಾಳು. ಹೊಸ ಖಾರ ಬಂದಾಗ ಜನ ಕಂಡಿದ್ದು ಮೆಣಸಿನ ರುಚಿಯ ಒಂದು ಕಾಯಿ. ಮೆಣಸಿನಕಾಯಿ ಅಂದರು. ದೊಡ್ಡವ್ವ ರೈಲನ್ನು ತೇರಿನಲ್ಲಿ ಕಂಡ ಹಾಗೇ ಇದೂ. ಇದನ್ನು ಯಾವ ಪಂಡಿತರೂ ಕೂತು ಮಾಡಿದ್ದಲ್ಲ, ಸಂತೆಯಲ್ಲಿ ಆದ ಕೆಲಸ.

ಶಿಶುನಾಳ ಶರೀಫರೂ ಗಿರಣಿ ನೋಡಿ ಹಾಗೇ ಮಾಡಿದರು. ಯಂತ್ರ ಹೊಸದು, ಅವರಲ್ಲಿದ್ದ ತತ್ವಪದದ ಧಾಟಿ ಹಳೇದು. ಗಿರಣಿ ಆ ಧಾಟಿಯೊಳಗೆ ಬಂದು ಬಿದ್ದಿತು. ಬೆರಗಾಗಿ ನಿಂತವರ ಪದವೇ ಅದು, ಹೆದರಿದವರದು ಅಲ್ಲ.

ಹೋದ ತಿಂಗಳು ಒಬ್ಬ ಹುಡುಗ ಜಾತ್ರೆಯ ಫ್ಲೆಕ್ಸ್ ಮಾಡಿಸಲು ಬಂದ. ನವಲಗುಂದ ತಾಲೂಕಿನ ಹಳ್ಳಿ. ಚಿತ್ರ ಅವನೇ ತಂದಿದ್ದ, ಮೊಬೈಲಿನ ಎಐಯಿಂದ ಮಾಡಿಸಿದ್ದು. ಬಂಗಾರದ ಬಣ್ಣದ ತೇರು, ಸುತ್ತ ಬೆಳಕು, ಜನಸಾಗರ. ಮೇಲ್ನೋಟಕ್ಕೆ ಮಸ್ತ್ ಇತ್ತು. ದೊಡ್ಡದು ಮಾಡಿ ನೋಡಿದರೆ ತೇರಿಗೆ ಐದು ಗಾಲಿ, ಒಂದೊಂದೂ ಒಂದೊಂದು ಅಳತೆ. ಆದರೆ ಐದೂ ಪಕ್ಕಾ ದುಂಡಗೆ, ಎಲ್ಲೂ ಮೂಲೆ ಇಲ್ಲ. ತೇರಿನ ಹಿಂದೆ ಎರಡು ಗುಡ್ಡ. ನಡುವೆ ಸೂರ್ಯ. ಬದಿಗೆ ತೆಂಗಿನಮರ.

"ಇದು ಯಾರ ಊರೋ?" ಬಾಯಿಂದ ಬಂದೇಬಿಟ್ಟಿತು.

"ನಮ್ಮೂರ್ರೀ," ಅಂದ ಅವನು.

ಗುಡ್ಡ ತೆಗೆದು ಅವರ ಊರ ಅಗಸಿ ಬಾಗಿಲು ಹಾಕೋಣ, ಒಂದು ಫೋಟೋ ಹೊಡೆದುಕೊಂಡು ಬಾ ಅಂದೆ. ಬ್ಯಾಡ್ರಿ, ಹಿಂಗ ಛಂದ ಕಾಣ್ತದ ಅಂದ. ಹತ್ತಡಿ ಎಂಟಡಿ ಪ್ರಿಂಟ್ ಕೊಟ್ಟೆ. ಒಂದು ಗಾಲಿ ಮಾತ್ರ ಅವನಿಗೆ ಹೇಳದೆ ಅಳಿಸಿದೆ. ಅವನನ್ನು ಬೈಯುವ ಹಕ್ಕು ನನಗಿಲ್ಲ. ಕಂಪಾಸ್ ಪೆಟ್ಟಿಗೆ ತೆಗೆದುಕೊಂಡವನು ನಾನು.

ಹಾಗಂತ ಮೊಬೈಲಿನ ಮೇಲೆ ಎಲ್ಲ ಹಾಕಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಧಾರವಾಡದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಕಸೂತಿ ಕಲಿತಿದ್ದಾಳೆ. ಕುರ್ತಾ, ಮೊಬೈಲ್ ಚೀಲ, ಹೀಗೆ ಏನೇನೋ ಮಾಡಿ ಮಾರುತ್ತಾಳೆ. ಡಿಸೈನು ಎಲ್ಲ ಪಿಂಟರೆಸ್ಟಿನದು. ಈಗಿನ ನುಣುಪು ಬಟ್ಟೆಯಲ್ಲಿ ಎಳೆ ಎಣಿಸಲು ಬರುವುದಿಲ್ಲ, ಅದಕ್ಕೆ ಮೇಲೆ ಜಾಳಿ ಬಟ್ಟೆ ಇಟ್ಟು ಎಣಿಸಿ ಹಾಕಿ, ಆಮೇಲೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾಳೆ. ಒಮ್ಮೆ ಚಹಾ ಕಪ್ಪಿನಲ್ಲಿ ಮಲಗಿದ ಬೆಕ್ಕಿನ ಚಿತ್ರ ಹಾಕಲು ಹೊರಟಳು. ಯಾವ ದೇಶದ ಬೆಕ್ಕೋ, ಮೈಯೆಲ್ಲ ದುಂಡಗೆ, ಹತ್ತಿ ಉಂಡೆಯ ಥರ. ಎರಡು ವಾರ ಆದ ಮೇಲೆ ತೋರಿಸಿದಳು. ಬೆಕ್ಕಿಗೆ ಭುಜ ಬಂದಿತ್ತು. ಬಾಲ ಮೆಟ್ಟಿಲಾಗಿತ್ತು. ಮುಖ ಗಂಭೀರ, ಹಳೇ ಗುಡಿಯ ಕಂಬದ ಮೇಲಿನ ಸಿಂಹದ ತಂಗಿ ಇದ್ದ ಹಾಗೆ. ಕಪ್ಪು ಹೋಗಿ ತುಳಸಿಕಟ್ಟೆ ಆಗಿತ್ತು.

"ಕೆಟ್ಟೋತು ಅಲ್ಲ ಮಾಮಾ?" ಅಂದಳು.

ನಾನು ಕುಂಚಿಗೆ ತಂದು ಅವಳ ಮುಂದಿಟ್ಟೆ.

ಬಹಳ ಹೊತ್ತು ನೋಡಿದಳು. ಉಲ್ಟಾ ಮಾಡಿ ಎರಡೂ ಬದಿ ನೋಡಿದಳು. ಆಮೇಲೆ ತಲೆ ಎತ್ತಿ, "ಇದರ ಗ್ರಾಫ್ ಬೇಕು. ನೀ ಕಂಪ್ಯೂಟರ್‌ನ್ಯಾಗ ಮಾಡಿಕೊಡು" ಅಂದಳು.

ಭಾನುವಾರ ಅಂಗಡಿಯ ಶಟರ್ ಅರ್ಧ ಇಳಿಸಿ ಕೂತೆ. ಕುಂಚಿಗೆ ಸ್ಕ್ಯಾನ್ ಮಾಡಿ, ಕೋರೆಲ್ ಡ್ರಾದಲ್ಲಿ ತೆರೆದು, ಮೇಲೆ ಚೌಕದ ಬಲೆ ಹಾಸಿ, ಒಂದೊಂದೇ ಹೊಲಿಗೆ ಎಣಿಸುತ್ತಾ ಹೋದೆ. ಉಸ್ತಾದರು ಹೇಳಿದ ಹಾಗೆ, ರೈಲು ಅಂತ ನೋಡದೆ ಬರೀ ಗೆರೆ ಎಲ್ಲಿಂದ ಎಲ್ಲಿಗೆ ಅಂತ ನೋಡುತ್ತಾ. ಎಂಜಿನ್ನಿನ ಎರಡು ಗಾಲಿ ಮುಗಿದವು, ಲೆಕ್ಕ ಒಂದೇ. ಡಬ್ಬಿಯ ಮೊದಲ ಗಾಲಿಯೂ ಅದೇ ಲೆಕ್ಕ. ನಾಲ್ಕನೆಯದರಲ್ಲಿ ಲೆಕ್ಕ ತಪ್ಪಿತು. ಮತ್ತೆ ಎಣಿಸಿದೆ. ಮತ್ತೆ ತಪ್ಪಿತು. ಪರದೆ ತುಂಬುವಷ್ಟು ದೊಡ್ಡದು ಮಾಡಿದೆ.

ಆ ಗಾಲಿಯಲ್ಲಿ ಸೂಜಿ ಎಳೆಗಳ ನಡುವೆ ಹೋಗಿರಲಿಲ್ಲ. ಎಳೆಯನ್ನೇ ಸೀಳಿಕೊಂಡು ಹೋಗಿತ್ತು, ಒಮ್ಮೆ ಅರ್ಧ ಎಳೆ, ಒಮ್ಮೆ ಕಾಲು. ಹೊಲಿಗೆ ಗಿಡ್ಡಗಿಡ್ಡ, ಒತ್ತೊತ್ತಾಗಿ. ದೊಡ್ಡವ್ವ ಅದನ್ನು ದುಂಡಗೆ ಮಾಡಲು ನೋಡಿದ್ದಾಳೆ. ಮುಕ್ಕಾಲು ಭಾಗ ಬಂದೂ ಇದೆ. ಕೊನೆಗೆ ದಾರ ಹೊರಟ ಜಾಗಕ್ಕೆ ಸೇರಿಲ್ಲ, ಒಂದು ಗಂಟು ಹಾಕಿ ನಿಲ್ಲಿಸಿದ್ದಾಳೆ. ಇಡೀ ಕುಂಚಿಗೆಯಲ್ಲಿ ಅದೊಂದೇ ಗಂಟು.

ಬಿಚ್ಚಿ ಮತ್ತೆ ಹಾಕುವುದು ಅವಳಿಗೆ ಹತ್ತು ನಿಮಿಷದ ಕೆಲಸ. ಯಾಕೆ ಬಿಚ್ಚಲಿಲ್ಲ ಅಂತ ಕೇಳಲು ಅವಳು ಹೋಗಿ ಹದಿನಾಲ್ಕು ವರ್ಷ ಆಯಿತು.

ತಂಗಿಯ ಮಗಳಿಗೆ ಫೋನ್ ಮಾಡಿದೆ. ಮೂರು ಗಾಲಿ ಗ್ರಾಫಿಗೆ ಬರುತ್ತವೆ, ನಾಲ್ಕನೆಯದು ಬರುವುದಿಲ್ಲ, ಸೊಟ್ಟ ಇದೆ, ಅದನ್ನೂ ಉಳಿದವುಗಳ ಹಾಗೆ ಮಾಡಿಬಿಡಲೇನು ಅಂತ ಕೇಳಿದೆ.

"ಬ್ಯಾಡ ಮಾಮಾ," ಅಂದಳು. "ಆ ಜಾಗಾ ಖಾಲಿ ಬಿಡು. ನಾ ನೋಡ್ತೀನಿ."